ರೂಟ್ ಕೆನಾಲ್ ಫಿಲ್ಲಿಂಗ್: ಯಾವುದು ಸೋರುವುದಿಲ್ಲ ಅಂತ ನೋಡುವುದು ಹೇಗೆ?

“ಡಾಕ್ಟ್ರೇ, ಎಸ್ಟಿಮೇಟ್‌ನಲ್ಲಿ ಮೂರು ಥರ ಬರೆದಿದ್ದಾರೆ. ನಾರ್ಮಲ್, ಬಿಸಿ ಫಿಲ್ಲಿಂಗ್, ಬಯೋಸೆರಾಮಿಕ್. ಇದರಲ್ಲಿ ಯಾವುದು ಲೀಕ್ ಆಗಲ್ಲ?” ಜಯನಗರದವರೂ ಇದನ್ನೇ ಕೇಳುತ್ತಾರೆ, ಯಲಹಂಕದವರೂ ಇದನ್ನೇ ಕೇಳುತ್ತಾರೆ. ಕೆಲವರು ಎಸ್ಟಿಮೇಟಿನ ಫೋಟೊ ಕಳಿಸಿ, ಯಾವ ಸಾಲಿಗೆ ಟಿಕ್ ಹಾಕಲಿ ಅಂತಲೂ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದು ತೊಟ್ಟೂ ಸೋರದ ಫಿಲ್ಲಿಂಗ್ ಅನ್ನುವುದು ಇಲ್ಲ. ಚೆನ್ನಾಗಿ ಮಾಡಿದರೆ ಮೂರೂ ವರ್ಷಗಟ್ಟಲೆ ಬಾಳುತ್ತವೆ, ಅವಸರದಲ್ಲಿ ಮಾಡಿದರೆ ದುಬಾರಿಯದ್ದೂ ಕೈಕೊಡುತ್ತದೆ. ಹಾಗಂತ ಮೂರೂ ಒಂದೇ ಅಲ್ಲ. ನಿಮ್ಮ ಹಲ್ಲಿನ ಬೇರು ಹೇಗಿದೆ, ತುಂಬುವ ಮೊದಲು ಎಷ್ಟು ತೊಳೆದಿದ್ದಾರೆ, ಮೇಲಿನ ಮುಚ್ಚಳ, ಅಂದರೆ ಗಟ್ಟಿ ಫಿಲ್ಲಿಂಗ್ ಮತ್ತು ಕ್ಯಾಪ್, ಯಾವಾಗ ಹಾಕುತ್ತಾರೆ ಅನ್ನುವುದರ ಮೇಲೆ ವಿಧಾನದ ಆಯ್ಕೆ ನಿಂತಿರುತ್ತದೆ.

ಶುರು ಮಾಡುವ ಮೊದಲು ಮೂರು ವಸ್ತು ಹತ್ತಿರ ಇರಲಿ. ಒಂದು, ಆ ಹಲ್ಲಿನ ಚಿಕ್ಕ ಎಕ್ಸ್‌ರೇ. ಕಂಪ್ಯೂಟರ್ ಪರದೆಗೆ ಫೋನ್ ಹಿಡಿದು ತೆಗೆದ ಫೋಟೊ ಸಾಲದು, ಫೈಲನ್ನೇ ಕಳಿಸಿ ಅಂತ ಕೇಳಿ. ಎರಡು, ಹಲ್ಲಿನ ನಂಬರ್. ಕೆಳಗಿನ ಎಡಗಡೆಯ ಮೊದಲ ದವಡೆ ಹಲ್ಲು 36, ಬಲಗಡೆಯದು 46, ಹೀಗೆ. ಮೂರು, ರೂಟ್ ಕೆನಾಲ್‌ಗೆ ಎಷ್ಟು, ಮೇಲಿನ ಫಿಲ್ಲಿಂಗ್‌ಗೆ ಎಷ್ಟು, ಕ್ಯಾಪ್‌ಗೆ ಎಷ್ಟು ಅಂತ ಬೇರೆಬೇರೆಯಾಗಿ ಬರೆದ ಎಸ್ಟಿಮೇಟ್. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದಿದ್ದರೆ ಬಿಡಿಸಿ ಬರೆಸಿಕೊಳ್ಳಿ. ಯಾಕೆ ಅಂತ 7ನೇ ಹಂತದಲ್ಲಿ ಗೊತ್ತಾಗುತ್ತದೆ.

1. ಸೋರುವುದು ಎಂದರೆ ಏನು, ಎಲ್ಲಿಂದ

ಹಲ್ಲಿನ ಬೇರಿನೊಳಗೆ ಸಣ್ಣ ಕೊಳವೆ ಇರುತ್ತದೆ. ಅದೇ ಕೆನಾಲ್. ಅದರೊಳಗಿನ ನರ, ರಕ್ತನಾಳ ಸತ್ತು ಕೊಳೆತಾಗ ಅದನ್ನು ತೆಗೆದು, ತೊಳೆದು, ಖಾಲಿ ಜಾಗ ತುಂಬುವುದೇ ಈ ಚಿಕಿತ್ಸೆ. ಜನ ‘ನರ ತೆಗೆಸಿದೆ’ ಅನ್ನುತ್ತಾರಲ್ಲ, ಅದು ಅರ್ಧ ಕೆಲಸ ಮಾತ್ರ. ಉಳಿದರ್ಧ ತುಂಬಿ ಮುಚ್ಚುವುದು.

ತುಂಬಿದ ಮೇಲೆ ಮೂರು ದಾರಿಯಲ್ಲಿ ಸೋರಬಹುದು. ಮೇಲಿನಿಂದ ಎಂಜಲು ಮತ್ತು ಬ್ಯಾಕ್ಟೀರಿಯಾ ಇಳಿಯಬಹುದು. ಬೇರಿನ ತುದಿಯಿಂದ ಅಂಗಾಂಶದ ದ್ರವ ಒಳಗೆ ಜಿನುಗಿ, ಅಲ್ಲಿ ಉಳಿದ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಬಹುದು. ಮೂರನೆಯದು ಪಕ್ಕದ ಕವಲುಗಳು. ಕೆನಾಲ್ ನೇರ ಪೈಪಿನ ಥರ ಇರುವುದು ಅಪರೂಪ, ಅಲ್ಲಲ್ಲಿ ಕೂದಲೆಳೆಯಷ್ಟು ಕವಲು ಒಡೆದಿರುತ್ತದೆ.

ಇಷ್ಟು ಸಣ್ಣ ಸಂದಿಗೆ ಇಷ್ಟು ತಲೆಬಿಸಿ ಯಾಕೆ ಅನ್ನುವವರಿಗೆ 1965ರ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಬ್ಯಾಕ್ಟೀರಿಯಾ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲಿನ ನರವನ್ನು ತೆರೆದು ಹಾಗೇ ಬಿಟ್ಟರು. ಅದು ಕೊಳೆಯಲಿಲ್ಲ, ಬದಲಿಗೆ ವಾಸಿಯಾಗತೊಡಗಿತು. ಮಾಮೂಲಿ ಇಲಿಗಳಲ್ಲಿ ಕೊಳೆತು ಕೀವಾಯಿತು. ತೊಂದರೆ ಕೊಡುವುದು ಬ್ಯಾಕ್ಟೀರಿಯಾ, ತೂತು ಅದಕ್ಕೆ ದಾರಿ ಅಷ್ಟೆ. ಹಾಗಾಗಿ ಮೊದಲು ತೊಳೆಯುವುದು, ಆಮೇಲೆ ಮುಚ್ಚುವುದು.

2. ತುಂಬುವ ಸಾಮಾನು ತಿಳಿದುಕೊಳ್ಳಿ

ಯಾವ ವಿಧಾನವಾದರೂ ಸಾಮಾನು ಎರಡೇ: ಗಟ್ಟಾಪರ್ಚಾ ಮತ್ತು ಸೀಲರ್.

ಗಟ್ಟಾಪರ್ಚಾ ಅಂದರೆ ಮಲೇಷ್ಯಾ ಕಡೆಯ ಒಂದು ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತು. ನಮ್ಮ ಸಪೋಟ, ಬಕುಳದ ಕುಟುಂಬಕ್ಕೇ ಸೇರಿದ ಮರ ಅದು. ರೂಟ್ ಕೆನಾಲ್ ತುಂಬಲು 1867ರಿಂದ ಬಳಕೆಯಲ್ಲಿದೆ. ಡಾಕ್ಟರ ಪೆಟ್ಟಿಗೆಯಲ್ಲಿ ಕಾಣುವ ತೆಳ್ಳನೆಯ ಗುಲಾಬಿ ಕಡ್ಡಿಗಳು ಅದರದ್ದೇ. ಅದನ್ನು ಕೋನ್ ಅಥವಾ ಪಾಯಿಂಟ್ ಅನ್ನುತ್ತಾರೆ. ಆದರೆ ಆ ಕಡ್ಡಿಯಲ್ಲಿ ಗಟ್ಟಾಪರ್ಚಾ ಸುಮಾರು ಐದನೇ ಒಂದು ಪಾಲು ಮಾತ್ರ, ಬಹುಪಾಲು ಜಿಂಕ್ ಆಕ್ಸೈಡ್. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಲು ಬೇರಿಯಂನಂಥ ಲೋಹದ ಲವಣ ಬೆರೆಸಿರುತ್ತಾರೆ.

ಮುಖ್ಯ ವಿಷಯ ಇಲ್ಲಿದೆ: ಗಟ್ಟಾಪರ್ಚಾ ಹಲ್ಲಿಗೆ ಅಂಟುವುದಿಲ್ಲ. ಕಡ್ಡಿಗೂ ಗೋಡೆಗೂ ನಡುವಿನ ಸಂದಿಯನ್ನು ಮುಚ್ಚುವುದು ಸೀಲರ್ ಎಂಬ ಪೇಸ್ಟ್. ಹಳೆಯ ಸೀಲರ್ ಜಿಂಕ್ ಆಕ್ಸೈಡ್ ಮತ್ತು ಯೂಜಿನಾಲ್‌ನದ್ದು. ಯೂಜಿನಾಲ್ ಅಂದರೆ ಲವಂಗದೆಣ್ಣೆಯ ಸತ್ವ, ಹಲ್ಲಿನ ಕ್ಲಿನಿಕ್‌ಗೆ ಕಾಲಿಟ್ಟ ಕೂಡಲೇ ಬರುವ ಆ ವಾಸನೆ ಇದರದ್ದೇ. ಅದರ ನಂತರ ಬಂದದ್ದು ಎಪಾಕ್ಸಿ ರೆಸಿನ್ ಸೀಲರ್, ಎಎಚ್ ಪ್ಲಸ್ ಅಂಥದ್ದು. ಈಗಿನದು ಬಯೋಸೆರಾಮಿಕ್, ಅಂದರೆ ಕ್ಯಾಲ್ಸಿಯಂ ಸಿಲಿಕೇಟ್ ಆಧಾರದ ನಯವಾದ ಪೇಸ್ಟ್. ಬೇರಿನ ಗೋಡೆಯಲ್ಲಿರುವ ತೇವವನ್ನೇ ಹೀರಿಕೊಂಡು ಗಟ್ಟಿಯಾಗುತ್ತದೆ.

ಸೀಲರ್ ತೆಳುವಾಗಿದ್ದಷ್ಟೂ ಒಳ್ಳೆಯದು. ಹಳೆಯ ಸೀಲರ್‌ಗಳು ಕಾಲಕ್ರಮದಲ್ಲಿ ಕುಗ್ಗುತ್ತವೆ ಅಥವಾ ಸ್ವಲ್ಪಸ್ವಲ್ಪ ಕರಗುತ್ತವೆ. ಅದಕ್ಕೇ ‘ಗಟ್ಟಾಪರ್ಚಾ ಜಾಸ್ತಿ, ಸೀಲರ್ ಕಮ್ಮಿ’ ಎಂಬುದು ನೂರಾರು ಪಾಠಗಳ ಮೊದಲ ಸಾಲು. ಬಯೋಸೆರಾಮಿಕ್ ಬಂದ ಮೇಲೆ ಈ ಸಾಲನ್ನು ಸ್ವಲ್ಪ ಸಡಿಲ ಮಾಡಿದ್ದಾರೆ. ಎಷ್ಟು ಸಡಿಲ ಮಾಡಬಹುದು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

3. ವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿ

ಎಸ್ಟಿಮೇಟಿನಲ್ಲಿ ‘ನಾರ್ಮಲ್’ ಅಂತ ಬರೆದಿದ್ದರೆ ಸಾಮಾನ್ಯವಾಗಿ ಅದು ಕೋಲ್ಡ್ ಲ್ಯಾಟರಲ್ ಕಂಡೆನ್ಸೇಷನ್, ಅಂದರೆ ಬಿಸಿ ಮಾಡದೆ ಪಕ್ಕಕ್ಕೆ ಒತ್ತಿ ತುಂಬುವುದು. ಬೇರಿನ ತುದಿಗೆ ಸರಿಯಾಗಿ ಬಿಗಿಯುವ ಒಂದು ದಪ್ಪ ಕಡ್ಡಿಗೆ ಸೀಲರ್ ಸವರಿ ಇಳಿಸುತ್ತಾರೆ. ಸ್ಪ್ರೆಡರ್ ಎಂಬ ಚೂಪು ಉಪಕರಣದಿಂದ ಅದನ್ನು ಪಕ್ಕಕ್ಕೆ ಒತ್ತಿ ಜಾಗ ಮಾಡುತ್ತಾರೆ. ಆ ಜಾಗಕ್ಕೆ ಇನ್ನೊಂದು ಸಣ್ಣ ಕಡ್ಡಿ, ಮತ್ತೆ ಒತ್ತು, ಮತ್ತೊಂದು ಕಡ್ಡಿ. ಜಾಗ ಮುಗಿಯುವವರೆಗೆ ಹೀಗೇ. ಕೊನೆಗೆ ಮೇಲೆ ಉಳಿದ ಗುಲಾಬಿ ಕಡ್ಡಿಗಳ ಗೊಂಚಲನ್ನು ಬಿಸಿ ಉಪಕರಣದಿಂದ ಕತ್ತರಿಸಿದಾಗ ಸಣ್ಣಗೆ ಹೊಗೆ ಏಳುತ್ತದೆ, ಹೆದರಬೇಡಿ.

ಇದರ ಗುಣ: ಕಡ್ಡಿ ಎಷ್ಟು ಉದ್ದ ಹೋಗಬೇಕು ಅನ್ನುವುದು ಕೈಯಲ್ಲಿರುತ್ತದೆ, ತುದಿ ದಾಟಿ ಹೊರಗೆ ಹೋಗುವ ಭಯ ಕಮ್ಮಿ. ದೋಷ: ಕಡ್ಡಿಗಳು ಒಂದಾಗಿ ಬೆರೆಯುವುದಿಲ್ಲ, ನಡುವಿನ ಜಾಗದಲ್ಲೆಲ್ಲ ಸೀಲರ್ ಇರುತ್ತದೆ. ಪಕ್ಕದ ಕವಲಿಗೆ ಗಟ್ಟಾಪರ್ಚಾ ಇಳಿಯುವುದಿಲ್ಲ. ತೆಳು ಬೇರಿನಲ್ಲಿ ಸ್ಪ್ರೆಡರನ್ನು ಬಲವಾಗಿ ಒತ್ತಿದರೆ ಬೇರು ಸೀಳುವ ಅಪಾಯವೂ ಇದೆ.

‘ಬಿಸಿ ಫಿಲ್ಲಿಂಗ್’ ಅಂದರೆ ವಾರ್ಮ್ ವರ್ಟಿಕಲ್, ಬಿಸಿ ಮಾಡಿ ಮೇಲಿಂದ ಕೆಳಕ್ಕೆ ಒತ್ತುವುದು. ಅಮೆರಿಕದ ಹರ್ಬರ್ಟ್ ಶಿಲ್ಡರ್ 1967ರಲ್ಲಿ ಇದನ್ನು ವಿವರವಾಗಿ ಬರೆದರು. ಈಗ ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ಮಾಡುವುದು ಅದರ ಸುಲಭ ರೂಪ. ಪೆನ್ನಿನಂಥ ಉಪಕರಣದ ಬಿಸಿ ತುದಿ ಕಡ್ಡಿಯೊಳಗೆ ಒಂದೇ ಸಲ ಇಳಿದು, ಬೇರಿನ ತುದಿಗೆ ಸುಮಾರು 5 ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಅಲ್ಲಿ ಶಾಖ ನಿಲ್ಲಿಸಿ, 10 ಸೆಕೆಂಡ್‌ನಷ್ಟು ಹೊತ್ತು ಒತ್ತಿ ಹಿಡಿಯುತ್ತಾರೆ. ಗಟ್ಟಾಪರ್ಚಾ ತಣಿಯುವಾಗ ಕುಗ್ಗುತ್ತದೆ, ಈ ಒತ್ತಡ ಇಲ್ಲದಿದ್ದರೆ ಕುಗ್ಗಿದ ಕಡೆ ಸಂದಿ ಬೀಳುತ್ತದೆ. ಆಮೇಲೆ ಮೇಲಿನ ಖಾಲಿ ಭಾಗಕ್ಕೆ ಗನ್ನಿನಿಂದ ಕರಗಿದ ಗಟ್ಟಾಪರ್ಚಾ ಹಾಕುತ್ತಾರೆ.

ಅಂಕುಡೊಂಕು ಜಾಗಕ್ಕೆಲ್ಲ ಇದು ಹರಿದುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಪಕ್ಕದ ಕವಲು ಸಣ್ಣ ಬಿಳಿ ಗೆರೆಯಾಗಿ ಕಂಡರೆ ಡಾಕ್ಟರಿಗೂ ಖುಷಿ. ಆದರೆ ಅದೇ ಹರಿಯುವ ಗುಣದಿಂದ ತುದಿ ದಾಟಿ ಹೊರಗೂ ಹೋಗಬಹುದು. 2007ರಲ್ಲಿ ಬಂದ ಒಂದು ಸಮೀಕ್ಷೆ ಬಿಸಿ ವಿಧಾನವನ್ನೂ ತಣ್ಣನೆಯ ಲ್ಯಾಟರಲ್ ವಿಧಾನವನ್ನೂ ರೋಗಿಗಳಲ್ಲಿ ಹೋಲಿಸಿದ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿತು. ನೋವಿನಲ್ಲಿ, ದೀರ್ಘಕಾಲದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸಿಕ್ಕಿದ ವ್ಯತ್ಯಾಸ ಒಂದೇ: ಬಿಸಿ ವಿಧಾನದಲ್ಲಿ ತುದಿ ದಾಟಿ ಹೋಗುವುದು ಜಾಸ್ತಿ.

ಮೂರನೆಯದು ಸಿಂಗಲ್ ಕೋನ್. ‘ಬಯೋಸೆರಾಮಿಕ್’ ಅಂತ ಬರೆದಿದ್ದರೆ ಬಹುತೇಕ ಇದೇ. ಯಂತ್ರದ ಫೈಲ್, ಅಂದರೆ ಕೊರೆಯುವ ಸೂಜಿಯಂಥ ಉಪಕರಣ, ಕೆನಾಲನ್ನು ಯಾವ ಆಕಾರಕ್ಕೆ ಕೊರೆದಿದೆಯೋ ಅದೇ ಅಳತೆಯ ಒಂದೇ ಕಡ್ಡಿ, ಸುತ್ತ ಸೀಲರ್. ಕೆಲಸ ಬೇಗ ಮುಗಿಯುತ್ತದೆ, ಬೇರಿಗೆ ಒತ್ತಡವೂ ಇಲ್ಲ, ಶಾಖವೂ ಇಲ್ಲ. ಹಳೆಯ ಸೀಲರ್ ಜೊತೆ ಈ ವಿಧಾನಕ್ಕೆ ಒಳ್ಳೆಯ ಹೆಸರಿರಲಿಲ್ಲ. ಬಯೋಸೆರಾಮಿಕ್ ಅಷ್ಟಾಗಿ ಕುಗ್ಗದ ಕಾರಣ ಮತ್ತೆ ಚಾಲ್ತಿಗೆ ಬಂತು. 2018ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಹೀಗೆ ತುಂಬಿದ 307 ಹಲ್ಲುಗಳ ಪೈಕಿ ಶೇ. 90ಕ್ಕಿಂತ ಸ್ವಲ್ಪ ಜಾಸ್ತಿ ಯಶಸ್ವಿಯಾಗಿದ್ದವು. ಹಿಂದಿನ ದಾಖಲೆ ತೆಗೆದು ನೋಡಿದ ಲೆಕ್ಕ ಅದು, ಇನ್ನೊಂದು ವಿಧಾನದ ಎದುರು ನಿಲ್ಲಿಸಿ ನೋಡಿದ್ದಲ್ಲ. ಒಳ್ಳೆಯ ಸುದ್ದಿ ಹೌದು, ‘ಇದೇ ಶ್ರೇಷ್ಠ’ ಅನ್ನಲು ಆಧಾರವಲ್ಲ.

ಇದರ ಒಂದು ತೊಡಕನ್ನು ಎಸ್ಟಿಮೇಟಿನಲ್ಲಿ ಯಾರೂ ಬರೆಯುವುದಿಲ್ಲ. ಗಟ್ಟಿಯಾದ ಬಯೋಸೆರಾಮಿಕ್ಕನ್ನು ಮುಂದೆ ಬಿಚ್ಚಿ ತೆಗೆಯುವುದು ಕಷ್ಟ. ಕಡ್ಡಿ ತುದಿಯವರೆಗೆ ಹೋಗದೆ, ಕೊನೆಯ ಭಾಗದಲ್ಲಿ ಬರೀ ಸೀಲರ್ ಉಳಿದಿದ್ದರಂತೂ ಮರುಚಿಕಿತ್ಸೆಗೆ ದಾರಿಯೇ ಸಿಗದೆ ಹೋಗಬಹುದು.

ಇನ್ನೊಂದಿದೆ, ಪ್ಲಾಸ್ಟಿಕ್ ಕಡ್ಡಿಗೆ ಗಟ್ಟಾಪರ್ಚಾ ಲೇಪಿಸಿ ಒಲೆಯಲ್ಲಿ ಬಿಸಿ ಮಾಡಿ ತುರುಕುವ ಥರ್ಮಾಫಿಲ್. ಈಗ ಇಲ್ಲಿ ಕಡಿಮೆ, ಬಿಡಿ.

ಎಚ್ಚರ: ಕಡ್ಡಿಯೇ ಇಲ್ಲದೆ ಬರೀ ಪೇಸ್ಟ್ ತುಂಬಿ ಮುಗಿಸುತ್ತೇವೆ ಅಂದರೆ ದೊಡ್ಡವರ ಹಲ್ಲಿಗೆ ಒಪ್ಪಬೇಡಿ. ಮಕ್ಕಳ ಹಾಲುಹಲ್ಲಿನ ವಿಷಯ ಬೇರೆ, ಅದು ಉದುರುವ ಹಲ್ಲು, ಅಲ್ಲಿ ಕರಗುವ ಪೇಸ್ಟೇ ಸರಿ.

‘ಹೊಸದು, ಸೋರುವುದೇ ಇಲ್ಲ’ ಎಂಬ ಮಾತು ಕೇಳಿದಾಗ ರೆಸಿಲಾನ್ ನೆನಪಿರಲಿ. 2004ರ ಸುಮಾರಿಗೆ ಗಟ್ಟಾಪರ್ಚಾದ ಬದಲು ಬಂದ ಪ್ಲಾಸ್ಟಿಕ್ ವಸ್ತು ಅದು. ಕಡ್ಡಿ, ಸೀಲರ್, ಹಲ್ಲು ಮೂರೂ ಅಂಟಿ ಒಂದೇ ಗಟ್ಟಿಯಾಗುತ್ತದೆ ಅಂತ ಹೇಳಿದ್ದರು. ಶುರುವಿನ ಲೀಕೇಜ್ ಪ್ರಯೋಗಗಳಲ್ಲಿ ಗೆದ್ದಿತ್ತು ಕೂಡ. ವರ್ಷಗಳು ಕಳೆದಂತೆ ಬಾಯಲ್ಲಿ ಅದು ಹಾಳಾಗುತ್ತದೆ, ಗಟ್ಟಾಪರ್ಚಾಕ್ಕಿಂತ ಜಾಸ್ತಿ ವಿಫಲವಾಗುತ್ತದೆ ಅಂತ ಗೊತ್ತಾಯಿತು. ಈಗ ಮಾರುಕಟ್ಟೆಯಲ್ಲಿ ಅದರ ಸುದ್ದಿಯಿಲ್ಲ.

4. ‘ಲೀಕೇಜ್ ಸ್ಟಡಿ’ ತೋರಿಸಿದರೆ ಹೇಗೆ ಓದಬೇಕು

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ‘ಈ ವಿಧಾನ ಅದಕ್ಕಿಂತ ಕಡಿಮೆ ಸೋರುತ್ತದೆ’ ಎಂಬ ಪ್ರಬಂಧಗಳು ರಾಶಿ ಸಿಗುತ್ತವೆ. ನಮ್ಮ ಊರಿನ ದಂತ ಕಾಲೇಜುಗಳ ಎಂಡಿಎಸ್ (ಸ್ನಾತಕೋತ್ತರ) ವಿದ್ಯಾರ್ಥಿಗಳೂ ಬರೆದಿದ್ದಾರೆ. ಅವುಗಳಲ್ಲಿ ಏನು ಮಾಡುತ್ತಾರೆ ಅಂತ ಒಮ್ಮೆ ಹತ್ತಿರದಿಂದ ನೋಡಿ.

ಕಿತ್ತು ಹಾಕಿದ ಹಲ್ಲುಗಳನ್ನು ಒಟ್ಟುಮಾಡುತ್ತಾರೆ, ಹೆಚ್ಚಾಗಿ ಒಂದೇ ಬೇರಿನವು. ಮೇಲ್ಭಾಗ ಕತ್ತರಿಸಿ, ಕೆನಾಲ್ ಕೊರೆದು, ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ವಿಧಾನದಲ್ಲಿ ತುಂಬುತ್ತಾರೆ. ಬೇರಿನ ತುದಿ ಬಿಟ್ಟು ಉಳಿದೆಡೆಗೆಲ್ಲ ಉಗುರಿಗೆ ಹಚ್ಚುವ ಬಣ್ಣವನ್ನು ಎರಡು ಕೋಟ್ ಬಳಿಯುತ್ತಾರೆ. ಹೌದು, ಅಂಗಡಿಯಲ್ಲಿ ಸಿಗುವ ಅದೇ ನೇಲ್ ಪಾಲಿಶ್. ಆಮೇಲೆ ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣದಲ್ಲಿ ಮುಳುಗಿಸಿಡುತ್ತಾರೆ. ಕೆಲವು ದಿನ ಬಿಟ್ಟು ಬೇರನ್ನು ಉದ್ದಕ್ಕೆ ಸೀಳಿ, ನೀಲಿ ಎಷ್ಟು ಮಿಲಿಮೀಟರ್ ಮೇಲೇರಿದೆ ಅಂತ ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಇನ್ನು ಕೆಲವರು ಸೀಳುವುದಿಲ್ಲ. ಹಲ್ಲನ್ನು ಆಮ್ಲದಲ್ಲಿ ಮೆತ್ತಗೆ ಮಾಡಿ, ಮೀಥೈಲ್ ಸ್ಯಾಲಿಸಿಲೇಟ್‌ನಲ್ಲಿ ಇಡುತ್ತಾರೆ. ನೋವಿನ ಮುಲಾಮಿನ ವಾಸನೆ ಇರುವ ದ್ರವ ಅದು. ಹಲ್ಲು ಗಾಜಿನಷ್ಟು ಪಾರದರ್ಶಕವಾಗಿ, ಒಳಗಿನ ತುಂಬುವಿಕೆ, ಕವಲು, ಬಣ್ಣ ಎಲ್ಲವೂ ಕಾಣುತ್ತದೆ. ನೋಡಲು ಬಹಳ ಚೆಂದ.

ಚೆಂದ ಇದ್ದರೇನು, ತೊಂದರೆ ಬೇಕಾದಷ್ಟಿದೆ. ಬಣ್ಣದ ಕಣ ಬ್ಯಾಕ್ಟೀರಿಯಾಕ್ಕಿಂತ ತೀರಾ ಸಣ್ಣದು, ಬ್ಯಾಕ್ಟೀರಿಯಾ ಹೋಗಲಾಗದ ಕಡೆಯೂ ನುಗ್ಗುತ್ತದೆ. ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಉಲ್ಟಾ, ಸೋರುವ ಹಲ್ಲಿಗೂ ಬಣ್ಣ ಏರುವುದಿಲ್ಲ. ಇನ್ನೊಂದು ಮಜಾ ನೋಡಿ: ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತಗುಲಿದರೆ ಮೀಥಿಲೀನ್ ಬ್ಲೂ ಬಣ್ಣ ಕಳೆದುಕೊಳ್ಳುತ್ತದೆ. ಬಯೋಸೆರಾಮಿಕ್ ಗಟ್ಟಿಯಾಗುವಾಗ ಬಿಡುಗಡೆ ಮಾಡುವುದು ಅದನ್ನೇ. ನೀಲಿ ಕಾಣದಿದ್ದರೆ ಸೋರಿಲ್ಲ ಅಂತಲೋ, ಬಣ್ಣವೇ ಮಾಸಿದೆ ಅಂತಲೋ?

ಬಣ್ಣದ ಬದಲು ಒತ್ತಡದಲ್ಲಿ ನೀರು ಹಾಯಿಸಿ ಅಳೆಯುವುದೂ ಇದೆ, ಬ್ಯಾಕ್ಟೀರಿಯಾ ಅಥವಾ ಗ್ಲೂಕೋಸ್ ದಾಟುತ್ತದೆಯೇ ಅಂತ ನೋಡುವುದೂ ಇದೆ. ಅದೇ ಹಲ್ಲನ್ನು ಎರಡು ಪರೀಕ್ಷೆಗೆ ಒಡ್ಡಿದರೆ ಫಲಿತಾಂಶ ಹೊಂದುವುದಿಲ್ಲ. ಒಬ್ಬರ ಪ್ರಯೋಗದಲ್ಲಿ ಗೆದ್ದ ವಿಧಾನ ಇನ್ನೊಬ್ಬರ ಪ್ರಯೋಗದಲ್ಲಿ ಸೋಲುತ್ತದೆ. ಇದೆಲ್ಲ ನೋಡಿ ಸಾಕಾಗಿ, ಈ ಕ್ಷೇತ್ರದ ಮುಖ್ಯ ಪತ್ರಿಕೆಯಾದ ಜರ್ನಲ್ ಆಫ್ ಎಂಡೋಡಾಂಟಿಕ್ಸ್‌ನ ಸಂಪಾದಕ ಮಂಡಳಿ 2007ರಲ್ಲಿ ಈ ಥರದ ಹೋಲಿಕೆ ಅಧ್ಯಯನಗಳನ್ನು ಇನ್ನು ಪ್ರಕಟಿಸುವುದಿಲ್ಲ ಅಂತ ನಿಲುವು ತೆಗೆದುಕೊಂಡಿತು.

ಹಾಗಾಗಿ ಯಾರಾದರೂ ನಿಮ್ಮ ಮುಂದೆ ಬ್ರೋಷರ್ ಹಿಡಿದು ‘ಶೇಕಡಾ ಇಷ್ಟು ಕಡಿಮೆ ಲೀಕೇಜ್’ ಅಂದರೆ ಒಂದೇ ಪ್ರಶ್ನೆ ಕೇಳಿ: “ಇದು ಕಿತ್ತ ಹಲ್ಲಿನಲ್ಲೋ, ರೋಗಿಗಳಲ್ಲೋ?”

5. ನಿಮ್ಮ ಹಲ್ಲು ಯಾವ ಥರದ್ದು ಅಂತ ಕೇಳಿ

ವಿಧಾನ ಆರಿಸುವ ಜಾಗ ಇದು. ಎಕ್ಸ್‌ರೇ ತೋರಿಸಿ ಕೆನಾಲ್ ಆಕಾರ ಹೇಗಿದೆ ಅಂತ ಕೇಳಿ.

ಮೇಲಿನ ಮುಂದಿನ ಹಲ್ಲಿನಂತೆ ನೇರ, ದುಂಡಗಿನ ಕೆನಾಲ್ ಆದರೆ ಯಾವ ವಿಧಾನವಾದರೂ ಸೈ. ಬಿಸಿ ಫಿಲ್ಲಿಂಗ್‌ಗೆ ಹೆಚ್ಚು ದುಡ್ಡು ಕೊಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ತೆಳುವಾಗಿ ಬಾಗಿದ ಕೆನಾಲ್‌ಗೆ ಸಿಂಗಲ್ ಕೋನ್ ಅನುಕೂಲ, ಅಲ್ಲಿ ಸ್ಪ್ರೆಡರ್ ಆಗಲಿ ಬಿಸಿ ತುದಿಯಾಗಲಿ ಆಳಕ್ಕೆ ಇಳಿಯುವುದೇ ಕಷ್ಟ.

ಅಗಲವಾದ, ಚಪ್ಪಟೆ ಕೆನಾಲ್‌ನಲ್ಲಿ ದುಂಡನೆಯ ಒಂದೇ ಕಡ್ಡಿ ಇಟ್ಟರೆ ಎರಡು ಪಕ್ಕದಲ್ಲೂ ಬರೀ ಸೀಲರ್. ಇಲ್ಲಿ ಬಿಸಿ ವಿಧಾನ ಅಥವಾ ಹಲವು ಕಡ್ಡಿ ಹಾಕುವ ಲ್ಯಾಟರಲ್ ವಿಧಾನ ವಾಸಿ. ಕೆಳಗಿನ ಎರಡನೇ ದವಡೆ ಹಲ್ಲಿನಲ್ಲಿ ಕೆಲವರಿಗೆ ಕೆನಾಲ್‌ಗಳು ಕೂಡಿಕೊಂಡು ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದಲ್ಲಿರುತ್ತವೆ. ಬೇರಿನೊಳಗೆ ಸವೆದು ಗುಳಿ ಬಿದ್ದಿರುವ ಹಲ್ಲೂ ಇರುತ್ತದೆ. ಇಂಥ ಕಡೆ ಬಿಸಿ ಫಿಲ್ಲಿಂಗ್ ಕೇಳಿ ಮಾಡಿಸಿಕೊಳ್ಳಿ. ಜಾಸ್ತಿ ಕೊಟ್ಟ ದುಡ್ಡಿಗೆ ಇಲ್ಲಿ ಅರ್ಥವಿದೆ.

ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿ, ಬೇರಿನ ತುದಿ ಮುಚ್ಚಿಕೊಳ್ಳದೇ ಉಳಿದ ಮುಂದಿನ ಹಲ್ಲಿಗೆ ಈ ಮೂರರ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ಮೊದಲು ಎಂಟಿಎ ಎಂಬ ಸಿಮೆಂಟಿನಂಥ ವಸ್ತು ಅಥವಾ ಬಯೋಸೆರಾಮಿಕ್‌ನ 4–5 ಮಿಲಿಮೀಟರ್ ಬಿರಡೆ ತುದಿಗೆ ಕೂರಿಸಬೇಕು.

ಬೆಂಗಳೂರಿನ ಅನೇಕ ಕ್ಲಿನಿಕ್‌ಗಳಲ್ಲಿ ರೂಟ್ ಕೆನಾಲ್ ತಜ್ಞರು, ಅಂದರೆ ಎಂಡೋಡಾಂಟಿಸ್ಟ್, ವಾರದ ಕೆಲವು ದಿನ ಮಾತ್ರ ಬಂದುಹೋಗುತ್ತಾರೆ. ಬಿಸಿ ಉಪಕರಣ ಕೆಲವೊಮ್ಮೆ ಅವರ ಬ್ಯಾಗಿನಲ್ಲೇ ಬರುತ್ತದೆ. ಕಷ್ಟದ ಹಲ್ಲಾದರೆ ಅವರ ದಿನಕ್ಕೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ದುಡ್ಡಿನ ತಾಪತ್ರಯ ಇದ್ದರೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜು ಇದೆ. ಅಲ್ಲಿ ‘ಕನ್ಸರ್ವೇಟಿವ್ ಡೆಂಟಿಸ್ಟ್ರಿ ಅಂಡ್ ಎಂಡೋಡಾಂಟಿಕ್ಸ್’ ವಿಭಾಗ ಎಲ್ಲಿ ಅಂತ ಕೇಳಿ. ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಮಾಡುತ್ತಾರೆ. ಹೆಚ್ಚು ಸಲ ಹೋಗಬೇಕಾಗುತ್ತದೆ, ಕ್ಯೂ ಇರುತ್ತದೆ. ಆದರೆ ಒಂದೊಂದು ಹಂತಕ್ಕೂ ಮೇಲಿನವರ ಒಪ್ಪಿಗೆ ಬೇಕಾದ್ದರಿಂದ ಯಾವುದನ್ನೂ ಹಾರಿಸುವಂತಿಲ್ಲ.

6. ತುಂಬುವ ಮೊದಲಿನ ಕೆಲಸ ಗಮನಿಸಿ

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿರುವಾಗ ಪ್ರಶ್ನೆ ಕೇಳುವುದು ಆಗದ ಮಾತು. ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ರಬ್ಬರ್ ಡ್ಯಾಮ್ ಹಾಕುತ್ತೀರಾ? ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವಂತೆ ಬಾಯಿಗೆ ಕಟ್ಟುವ ತೆಳು ರಬ್ಬರ್ ಹಾಳೆ ಅದು. 1864ರಿಂದ ಇದೆ. ಅದಿಲ್ಲದೆ ಎಂಜಲು ಒಳಗಿಳಿದರೆ, ಆಮೇಲೆ ಎಂಥ ಸೀಲರ್ ಹಾಕಿದರೂ ಬ್ಯಾಕ್ಟೀರಿಯಾವನ್ನು ಒಳಗೇ ಇಟ್ಟು ಮುಚ್ಚಿದ ಹಾಗೆ. ನನ್ನನ್ನು ಕೇಳಿದರೆ, ಬಯೋಸೆರಾಮಿಕ್ ಇದ್ದು ಡ್ಯಾಮ್ ಇಲ್ಲದ ಕ್ಲಿನಿಕ್‌ಗಿಂತ, ಡ್ಯಾಮ್ ಹಾಕಿ ಮಾಮೂಲಿ ಫಿಲ್ಲಿಂಗ್ ಮಾಡುವ ಕ್ಲಿನಿಕ್ಕೇ ಮೇಲು.

ಯಾವುದರಲ್ಲಿ ತೊಳೆಯುತ್ತೀರಿ? ಸೋಡಿಯಂ ಹೈಪೊಕ್ಲೋರೈಟ್ ಅನ್ನಬೇಕು. ಬ್ಲೀಚಿಂಗ್ ವಾಸನೆಯಿಂದ ನಿಮಗೇ ಗೊತ್ತಾಗುತ್ತದೆ. ಬರೀ ಸಲೈನ್ ಸಾಲದು. ಉದ್ದ ಹೇಗೆ ಅಳೆಯುತ್ತೀರಿ? ಬೀಪ್ ಬೀಪ್ ಅನ್ನುವ ಅಪೆಕ್ಸ್ ಲೊಕೇಟರ್ ಮತ್ತು ಎಕ್ಸ್‌ರೇ ಎರಡೂ ಇದ್ದರೆ ಒಳ್ಳೆಯದು. ಕೆನಾಲ್ ಎಷ್ಟು ಸಿಕ್ಕಿತು? ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನಾಲ್ಕನೆಯದು ಇರುವುದು ಮಾಮೂಲು, ಕಣ್ಣಿಗೆ ಬೀಳುವುದು ಕಷ್ಟ. ಬಿಟ್ಟುಹೋದ ಕೆನಾಲ್‌ಗೆ ಯಾವ ವಿಧಾನವೂ ಇಲ್ಲ, ಅದು ತೆರೆದ ಬಾಗಿಲು.

ಸಾಮಾನ್ಯ ತಪ್ಪು: ‘ಇವತ್ತೇ ಮುಗಿಸಿಬಿಡಿ, ಆಫೀಸಿಗೆ ಮತ್ತೆ ರಜೆ ಸಿಗಲ್ಲ’ ಅಂತ ಹಟ ಹಿಡಿಯುವುದು. ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸುವುದು ತಪ್ಪಲ್ಲ, ವಾಸಿಯಾಗುವುದರಲ್ಲಿ ದೊಡ್ಡ ವ್ಯತ್ಯಾಸವೂ ಇಲ್ಲ. ಆದರೆ ಕೆನಾಲ್ ಒಣಗದೆ ಕೀವು ಅಥವಾ ರಕ್ತ ಜಿನುಗುತ್ತಿದ್ದರೆ ಅವತ್ತು ತುಂಬಬಾರದು. ಔಷಧಿ ಇಟ್ಟು ವಾರ ಬಿಟ್ಟು ಬನ್ನಿ ಅಂದರೆ ಅವರ ಮಾತು ಕೇಳಿ.

7. ಮೇಲಿನ ಮುಚ್ಚಳಕ್ಕೆ ದುಡ್ಡು ಮತ್ತು ದಿನ ಎರಡನ್ನೂ ಎತ್ತಿಡಿ

ಜಾಸ್ತಿ ಜನ ಎಡವುವುದು ಇಲ್ಲೇ. ನೋವು ಹೋಯಿತು, ದುಡ್ಡೂ ಖರ್ಚಾಯಿತು, ಕ್ಯಾಪ್ ಮುಂದಿನ ತಿಂಗಳು ನೋಡೋಣ ಅಂತ ಬಿಡುತ್ತಾರೆ. ದೀಪಾವಳಿಗೆ ಊರಿಗೆ ಹೋಗಿ ಬಂದು ಸಂಕ್ರಾಂತಿಯಾದರೂ ಟೆಂಪರರಿ ಸಿಮೆಂಟ್ ಹಾಗೇ ಇರುತ್ತದೆ, ಇಲ್ಲ ಅರ್ಧ ಉದುರಿರುತ್ತದೆ. ತಾರಸಿ ಸೋರುವ ಮನೆಗೆ ಒಳಗೆ ಎಷ್ಟು ದುಬಾರಿ ಪೇಂಟ್ ಹೊಡೆಸಿದರೇನು, ಅಲ್ವಾ?

1995ರಲ್ಲಿ ರೇ ಮತ್ತು ಟ್ರೋಪ್ ಎಂಬಿಬ್ಬರು ರೂಟ್ ಕೆನಾಲ್ ಆದ 1010 ಹಲ್ಲುಗಳ ಎಕ್ಸ್‌ರೇ ನೋಡಿದರು. ಒಳಗಿನ ಫಿಲ್ಲಿಂಗೂ ಮೇಲಿನ ಮುಚ್ಚಳವೂ ಚೆನ್ನಾಗಿದ್ದ ಹಲ್ಲುಗಳಲ್ಲಿ ಶೇ. 91.4 ಆರೋಗ್ಯವಾಗಿದ್ದವು. ಒಳಗೆ ಚೆನ್ನಾಗಿದ್ದು ಮೇಲೆ ಕೆಟ್ಟಿದ್ದರೆ ಶೇ. 44.1ಕ್ಕೆ ಇಳಿಯಿತು. ವಿಚಿತ್ರ ಅಂದರೆ, ಒಳಗೆ ಅಷ್ಟಕ್ಕಷ್ಟೇ ಇದ್ದು ಮೇಲೆ ಚೆನ್ನಾಗಿದ್ದವು ಶೇ. 67.6. ಎರಡೂ ಕೆಟ್ಟಿದ್ದರೆ ಬರೀ 18.1. ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳು ಇಷ್ಟು ಒಂದೇ ಕಡೆಗೆ ವಾಲಲಿಲ್ಲ. ಎಲ್ಲ ಸೇರಿಸಿ ನೋಡಿದ 2011ರ ವಿಶ್ಲೇಷಣೆ ಎರಡೂ ಸಮಸಮ ಮುಖ್ಯ ಅಂದಿತು. ಹೇಗೆ ನೋಡಿದರೂ ಮುಚ್ಚಳ ಬಿಡುವಂತಿಲ್ಲ.

ಮೇಲೆ ತೆರೆದಿಟ್ಟರೆ ಎಷ್ಟು ಬೇಗ ಹಾಳಾಗುತ್ತದೆ? 1990ರ ಒಂದು ಪ್ರಯೋಗದಲ್ಲಿ ತುಂಬಿದ ಬೇರುಗಳ ಮೇಲ್ಭಾಗವನ್ನು ಬ್ಯಾಕ್ಟೀರಿಯಾಕ್ಕೆ ಒಡ್ಡಿದಾಗ, ಅರ್ಧಕ್ಕಿಂತ ಜಾಸ್ತಿ ಬೇರುಗಳಲ್ಲಿ ಒಂದು ಜಾತಿಯದು 19 ದಿನದಲ್ಲಿ, ಇನ್ನೊಂದು ಜಾತಿಯದು 42 ದಿನದಲ್ಲಿ ತುದಿ ತಲುಪಿತು. ಇದೂ ಲ್ಯಾಬಿನ ಲೆಕ್ಕವೇ, 4ನೇ ಹಂತದಲ್ಲಿ ಹೇಳಿದ ಅನುಮಾನ ಇದಕ್ಕೂ ಅನ್ವಯಿಸುತ್ತದೆ. ದಿನದ ಲೆಕ್ಕವನ್ನು ಹಾಗೇ ಬಾಯೊಳಗಿನ ಹಲ್ಲಿಗೆ ಅನ್ವಯಿಸಬೇಡಿ, ಆದರೆ ತಿಂಗಳುಗಟ್ಟಲೆ ಕಾಯುವ ಧೈರ್ಯವೂ ಬೇಡ.

ಮಾಡಬೇಕಾದ್ದು ಇಷ್ಟು. ಟೆಂಪರರಿ ಸಿಮೆಂಟ್ ಕನಿಷ್ಠ 3.5 ಮಿಲಿಮೀಟರ್ ದಪ್ಪ ಇರಬೇಕು. ಹಾಕಿದ ಕೂಡಲೇ ಆ ಕಡೆ ಜಗಿಯಬೇಡಿ. ಗಟ್ಟಾಪರ್ಚಾ ತುಂಬಿದ ದಿನವೇ ಅಥವಾ ಮುಂದಿನ ಭೇಟಿಯಲ್ಲೇ ಮೇಲಿನ ಗಟ್ಟಿ ಫಿಲ್ಲಿಂಗ್ ಮಾಡಿಸಿ, ಎಸ್ಟಿಮೇಟಿನಲ್ಲಿ ಅದನ್ನು ‘ಕೋರ್’ ಅಂತ ಬರೆದಿರುತ್ತಾರೆ. ದವಡೆ ಹಲ್ಲಾದರೆ ಕ್ಯಾಪ್ ಕೆಲವು ವಾರದೊಳಗೆ ಆಗಲಿ. ರೂಟ್ ಕೆನಾಲ್ ಆದ ದವಡೆ ಹಲ್ಲು ಸೋರುವುದಷ್ಟೇ ಅಲ್ಲ, ಚಕ್ಕುಲಿ ಕಡಿದಾಗ ಎರಡಾಗಿ ಸೀಳುವುದೂ ಉಂಟು. ಸೀಳಿದರೆ ಹಲ್ಲು ಕೀಳುವುದೇ ದಾರಿ.

ಬಜೆಟ್ ಬಿಗಿಯಾಗಿದ್ದರೆ ನನ್ನ ಸಲಹೆ ನೇರ: ಸಾಮಾನ್ಯ ಹಲ್ಲಿಗೆ ‘ನಾರ್ಮಲ್’ ಸಾಲಿಗೇ ಟಿಕ್ ಹಾಕಿ, ಉಳಿದ ದುಡ್ಡಿನಲ್ಲಿ ಕ್ಯಾಪ್ ಬೇಗ ಹಾಕಿಸಿ. ದುಬಾರಿ ಫಿಲ್ಲಿಂಗ್ ಮಾಡಿಸಿ ಕ್ಯಾಪ್ ಮುಂದೂಡುವುದು ತಲೆಕೆಳಗಾದ ಲೆಕ್ಕ.

8. ಕೊನೆಯ ಎಕ್ಸ್‌ರೇ ಕೇಳಿ ನೋಡಿ

ಬಿಳಿ ಗೆರೆ ಬೇರಿನ ತುದಿಗಿಂತ 0ರಿಂದ 2 ಮಿಲಿಮೀಟರ್ ಒಳಗೆ ನಿಂತಿರಬೇಕು. ಸ್ವೀಡನ್ನಿನಲ್ಲಿ 8ರಿಂದ 10 ವರ್ಷ ಹಿಂಬಾಲಿಸಿ ನೋಡಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಸೋಂಕಿನ ಗಾಯವಿದ್ದ ಹಲ್ಲುಗಳ ಪೈಕಿ ಹೀಗೆ ಸರಿಯಾಗಿ ನಿಂತವುಗಳಲ್ಲಿ ಶೇ. 94 ವಾಸಿಯಾದವು. ತುದಿ ದಾಟಿದವುಗಳಲ್ಲಿ ಶೇ. 76, 2 ಮಿಲಿಮೀಟರ್‌ಗಿಂತ ಗಿಡ್ಡ ಉಳಿದವುಗಳಲ್ಲಿ ಶೇ. 68. ಉದ್ದ ಬಿಟ್ಟರೆ, ಗೆರೆಯ ನಡುವೆ ಅಥವಾ ಪಕ್ಕದಲ್ಲಿ ಕಪ್ಪು ಸಂದಿ ಇದೆಯೇ ಅಂತ ನೋಡಿ.

ಎಕ್ಸ್‌ರೇ ಒಂದು ಕಡೆಯಿಂದ ತೆಗೆದ ಚಿತ್ರ. ಚೆನ್ನಾಗಿ ಕಂಡರೆ ಸೋರುವುದಿಲ್ಲ ಅಂತ ಅರ್ಥವಲ್ಲ. ಚೆನ್ನಾಗಿ ಕಾಣದಿದ್ದರೆ ಮಾತ್ರ ಕ್ಯಾಪ್ ಹಾಕುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಎರಡು ಸಲ ಖರ್ಚು. ತುದಿಯಲ್ಲಿ ಚುಕ್ಕಿಯಷ್ಟು ಸೀಲರ್ ಆಚೆ ಬಂದಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಗಟ್ಟಾಪರ್ಚಾದ ಕಡ್ಡಿಯೇ ಆಚೆ ಚಾಚಿದ್ದರೆ ವಿಚಾರಿಸಿ.

9. ಆಮೇಲೆ ಗಮನಿಸಬೇಕಾದ್ದು

ತುಂಬಿದ ಮೇಲೆ ಎರಡು ಮೂರು ದಿನ ಕಚ್ಚಿದಾಗ ನೋವು ಬರುವುದು ಸಹಜ. ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಿರಬೇಕು. ಊತ, ಜ್ವರ ಬಂದರೆ ಕಾಯಬೇಡಿ. ಕೆಳಗಿನ ದವಡೆ ಹಲ್ಲಿಗೆ ಮಾಡಿಸಿದ ಮೇಲೆ, ಅರಿವಳಿಕೆ ಇಳಿಯುವ ಹೊತ್ತು ಕಳೆದರೂ ತುಟಿ ಜೋಮು ಹಿಡಿದಂತೆಯೇ ಇದ್ದರೆ ಅವತ್ತೇ ಫೋನ್ ಮಾಡಿ. ಸೀಲರ್ ಅಥವಾ ಗಟ್ಟಾಪರ್ಚಾ ದವಡೆಯ ನರದ ಮೇಲೆ ಒತ್ತುತ್ತಿರಬಹುದು, ಅದನ್ನು ನಾಳೆಗೆ ಬಿಡುವಂತಿಲ್ಲ.

ಸೋರುವ ಹಲ್ಲು ಎಷ್ಟೋ ಸಲ ನೋಯುವುದೇ ಇಲ್ಲ. ವಸಡಿನ ಮೇಲೆ ಗುಳ್ಳೆ ಎದ್ದು ಒಡೆದು ಮತ್ತೆ ಏಳುವುದು, ಬಾಯಲ್ಲಿ ಕೆಟ್ಟ ರುಚಿ, ಕ್ಯಾಪ್ ಅಲುಗಾಡುವುದು, ಇವೇ ಗುರುತು. ಏನೂ ಇಲ್ಲದಿದ್ದರೂ ಒಂದು ವರ್ಷಕ್ಕೆ ಒಂದು ಎಕ್ಸ್‌ರೇ ತೆಗೆಸಿ. ಬೇರಿನ ತುದಿಯ ಕಪ್ಪು ಕಲೆ ಕುಗ್ಗಿದೆಯೇ ಅಂತ ಹಳೆಯದರ ಪಕ್ಕ ಇಟ್ಟು ನೋಡುತ್ತಾರೆ. ಕುಗ್ಗಿದ್ದು ಪೂರ್ತಿ ಮಾಯವಾಗದಿದ್ದರೆ ಕೂಡಲೇ ಮತ್ತೆ ಕೊರೆಸಬೇಡಿ, ವಾಸಿಯಾಗಲು ನಾಲ್ಕು ವರ್ಷದವರೆಗೂ ಕಾದು ನೋಡುವ ಪದ್ಧತಿ ಇದೆ.

ಕ್ಲಿನಿಕ್ ಬಿಟ್ಟು ಬರುವ ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರೆಸಿಕೊಳ್ಳಿ: ಹಲ್ಲಿನ ನಂಬರ್, ತಾರೀಖು, ಕೆನಾಲ್ ಎಷ್ಟು, ಯಾವ ವಿಧಾನ, ಯಾವ ಸೀಲರ್. ಅದನ್ನು ಎಕ್ಸ್‌ರೇ ಫೈಲ್ ಜೊತೆ ಫೋನಿನಲ್ಲೂ ಇಮೇಲ್‌ನಲ್ಲೂ ಇಡಿ. ಮುಂದೆಂದಾದರೂ ಮರುಚಿಕಿತ್ಸೆ ಬೇಕಾದರೆ, ಒಳಗಿರುವುದು ಕರಗುವ ಸಾಮಾನೋ ಗಟ್ಟಿ ಬಯೋಸೆರಾಮಿಕ್ಕೋ ಅಂತ ಹೊಸ ಡಾಕ್ಟರು ಮೊದಲು ಕೇಳುತ್ತಾರೆ. ಎಕ್ಸ್‌ರೇಯಲ್ಲಿ ಎರಡೂ ಬೆಳ್ಳಗೇ ಕಾಣುತ್ತವೆ.